ಕಂಚಿನ ವೀರನಿಗೆ ಕಾಗೆಬಂಗಾರ

1933ರ ಮಾರ್ಚ್ ತಿಂಗಳು. ಆರ್ಥಿಕ ಮುಗ್ಗಟ್ಟಿನಿಂದ ಅಮೆರಿಕ ತತ್ತರಿಸುತ್ತಿದ್ದ ಕಾಲ. ಆಗ ನ್ಯೂಯಾರ್ಕಿನ ಸ್ಟ್ರೀಟ್ ಅಂಡ್ ಸ್ಮಿತ್ ಪ್ರಕಾಶಕರು ಹತ್ತು ಸೆಂಟಿನ ಪತ್ರಿಕೆಯೊಂದನ್ನು ಹೊರತಂದರು. ಅದರ ನಾಯಕ ಡಾಕ್ ಸ್ಯಾವೇಜ್. ಮೈಬಣ್ಣ ಕಂಚು, ವಿದ್ಯೆಯಿಂದ ಶಸ್ತ್ರವೈದ್ಯ. ಗಗನಚುಂಬಿ ಸೌಧದ 86ನೆಯ ಅಂತಸ್ತಿನಲ್ಲಿ ವಾಸ, ಧ್ರುವಪ್ರದೇಶದ ಹಿಮದ ನಡುವೆ ಒಂದು ಏಕಾಂತದುರ್ಗ, ಬೆನ್ನಿಗೆ ಐವರು ಸಂಗಡಿಗರು. ಸೂಪರ್‌ಮ್ಯಾನ್ ಅವತರಿಸಿದ್ದು ಇದಾದ ಐದು ವರ್ಷಗಳ ತರುವಾಯ ಎಂಬುದನ್ನು ವಾಚಕರು ಗಮನಿಸಬೇಕು.

ಈ ಕಥೆಗಳಲ್ಲಿ ಬಹುಪಾಲನ್ನು ಬರೆದವನು ಲೆಸ್ಟರ್ ಡೆಂಟ್. ಆದರೆ ಅಚ್ಚಾಗುತ್ತಿದ್ದುದು ಪ್ರಕಾಶಕರು ಇಟ್ಟ ಕೆನೆತ್ ರೋಬ್ಸನ್ ಎಂಬ ಹೆಸರು! 181 ಸಂಚಿಕೆಗಳ ಬಳಿಕ, 1949ರಲ್ಲಿ, ಪತ್ರಿಕೆ ನಿಂತಿತು. ಡೆಂಟ್ 1959ರಲ್ಲಿ ತೀರಿಕೊಂಡ. 1964ರಿಂದ ಬ್ಯಾಂಟಮ್ ಸಂಸ್ಥೆ ಜೇಮ್ಸ್ ಬಾಮಾನ ಗಂಭೀರವಾದ ಮುಖಚಿತ್ರಗಳೊಡನೆ ಅವೇ ಕಥೆಗಳನ್ನು ಮರುಮುದ್ರಿಸಿ ಹೊಸ ಪೀಳಿಗೆಯನ್ನು ಮರುಳುಗೊಳಿಸಿದಾಗ, ಅದನ್ನು ಕಾಣುವ ಭಾಗ್ಯ ಬರೆದವನಿಗಿರಲಿಲ್ಲ.

ಇಂತಹ ವೀರನನ್ನು 1975ರಲ್ಲಿ ತೆರೆಗೆ ತಂದವನು ಸಾಮಾನ್ಯನಲ್ಲ. 'ದಿ ವಾರ್ ಆಫ್ ದಿ ವರ್ಲ್ಡ್ಸ್', 'ದಿ ಟೈಮ್ ಮೆಷೀನ್' ಚಿತ್ರಗಳ ನಿರ್ಮಾಪಕ, ಹಂಗೆರಿಯಲ್ಲಿ ಹುಟ್ಟಿದ ಜಾರ್ಜ್ ಪಾಲ್. ನಾಯಕ ರಾನ್ ಈಲಿ, ದೂರದರ್ಶನದ ಟಾರ್ಜನ್. ಆಳೆತ್ತರ, ಮೈಕಟ್ಟು, ಗಾಂಭೀರ್ಯ ಯಾವುದಕ್ಕೂ ಕೊರತೆಯಿಲ್ಲ. ಕೊರತೆ ಇದ್ದುದು ನಂಬಿಕೆಗೆ. 1966ರ ಬ್ಯಾಟ್‌ಮನ್ ಧಾರಾವಾಹಿಯ ವಿನೋದ ಜನರಿಗೆ ಹಿಡಿಸಿತ್ತು. ಅದೇ ಹದವನ್ನು ಒಂಬತ್ತು ವರ್ಷ ತಡವಾಗಿ ಇಲ್ಲಿ ಬೆರೆಸಲಾಯಿತು. ನಾಯಕನ ಕಣ್ಣಿನಲ್ಲಿ ಗೀಚಿದ ನಕ್ಷತ್ರವೊಂದು ಮಿನುಗುತ್ತದೆ. ದುಷ್ಟನೊಬ್ಬ ದೈತ್ಯಾಕಾರದ ತೊಟ್ಟಿಲಿನಲ್ಲಿ ಮಲಗುತ್ತಾನೆ. ಕೊನೆಯ ಕಾಳಗದಲ್ಲಿ ಒಂದೊಂದು ಪಟ್ಟಿಗೂ ತೆರೆಯ ಮೇಲೆ ಅಕ್ಷರಗಳಲ್ಲಿ ನಾಮಕರಣ! ಹಿನ್ನೆಲೆಗೆ ಸೂಸಾನ ಸೈನಿಕ ವಾದ್ಯಮೇಳ. ವೀರ ಬಾಗಿಲು ತೆರೆದರೂ ಮೆರವಣಿಗೆ ಹೊರಟಂತೆ ಡಂಗುರ.

ವ್ಯಥೆಯ ಸಂಗತಿಯೆಂದರೆ ಮೂಲದಲ್ಲಿ ಸತ್ತ್ವವಿತ್ತು: ತಂದೆಯ ನಿಗೂಢ ಮರಣ, ಮಧ್ಯ ಅಮೆರಿಕದ ಕಣಿವೆಯಲ್ಲಿ ಅಡಗಿದ ಮಾಯಾ ಜನಾಂಗದ ಚಿನ್ನ. ಚಿತ್ರದಲ್ಲಿಯೂ ಗಾಳಿಯಲ್ಲಿ ಈಜುವ ಹಸಿರು ಹಾವುಗಳು ಬಂದಾಗ ಕ್ಷಣಕಾಲ ಮೈ ಜುಮ್ಮೆನ್ನುತ್ತದೆ. ಮರುಗಳಿಗೆಯಲ್ಲೇ ಡಂಗುರ ಮೊಳಗಿ ಆ ಭಯವನ್ನು ಓಡಿಸಿಬಿಡುತ್ತದೆ. ಸೆರೆಸಿಕ್ಕ ಪಾತಕಿಗಳ ಮಿದುಳಿಗೆ ಶಸ್ತ್ರಚಿಕಿತ್ಸೆ ಮಾಡಿ ಸಜ್ಜನರನ್ನಾಗಿಸುವ ಡಾಕ್‌ನ ಪದ್ಧತಿ ಕಥೆಗಳಲ್ಲಿಯೇ ಉಂಟು. ಪ್ರೌಢ ನಿರ್ದೇಶಕನಿಗೆ ಅದೊಂದೇ ಸಾಕಿತ್ತು, ನೋಡುವವರ ಮನಸ್ಸನ್ನು ಕಲಕಲು. ಇಲ್ಲಿ ಅದೂ ನಗೆಚಾಟಿಕೆಯ ಪಾಲಾಯಿತು.

ಚಿತ್ರ ಮುಗಿಯುವಾಗ ವೀರನ ಮುಂದಿನ ಸಾಹಸದ ಘೋಷಣೆ ತೆರೆಯ ಮೇಲೆ ಮೂಡುತ್ತದೆ. ಆ ಚಿತ್ರ ತಯಾರಾಗಲೇ ಇಲ್ಲ. ಪಾಲ್ 1980ರಲ್ಲಿ ತೀರಿಕೊಂಡ. ಅವನು ನಿರ್ಮಿಸಿದ ಕೊನೆಯ ಚಿತ್ರ ಇದೇ.