ಅಡ್ವಾನ್ಸಿಗೆ ಮಿತಿ ಹಾಕಿ, ತಾಲೂಕಿಗೊಬ್ಬ ಅಧಿಕಾರಿ ಕೊಡಿ

ಬಾಡಿಗೆದಾರರ ಗೋಳು ಅಂದಾಗಲೆಲ್ಲ ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸಿನ ಕತೆಯೇ ಮೊದಲು ಬರುತ್ತದೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದವರ ಮಾತು ಯಾರ ಕಿವಿಗೂ ಬೀಳುವುದಿಲ್ಲ. ದಾಂಡೇಲಿಯ ಬಂಗೂರನಗರ ಬೆಳೆದದ್ದೇ ಹೊರಗಿನಿಂದ ಬಂದು ದುಡಿದವರಿಂದ. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾದ ಮೇಲೆ ಕೆಲಸ ಅರಸಿ ಬಂದವರಿಗೆ ಇಲ್ಲಿ ಹಿರಿಯರು ಕಟ್ಟಿಸಿಟ್ಟ ಮನೆ ಇರಲಿಲ್ಲ. ಕಂಪನಿ ಕ್ವಾರ್ಟರ್ಸ್ ಸಿಕ್ಕವರೂ ನೌಕರಿ ಮುಗಿದ ಮೇಲೆ ಬಿಟ್ಟು ಹೊರಡಲೇಬೇಕು. ಈಗ ಕಾಳಿ ನದಿಯ ರಾಫ್ಟಿಂಗಿಗೆ ಬರುವವರಿಗಾಗಿ ಹೋಂಸ್ಟೇಗಳು ಹೆಚ್ಚುತ್ತಿವೆ. ದಿನದ ಲೆಕ್ಕದಲ್ಲಿ ದುಡ್ಡು ಬರುವಾಗ ತಿಂಗಳ ಬಾಡಿಗೆಯ ಸಂಸಾರ ಯಾರಿಗೆ ಬೇಕು?

ಕಾನೂನು ಇಲ್ಲವೇ ಎಂದರೆ, ಇದೆ. ಕರ್ನಾಟಕ ಬಾಡಿಗೆ ಕಾಯ್ದೆ 1999, ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಆದರೆ ಅದರ ರಕ್ಷಣೆಗೆ ಒಂದು ಮಿತಿ ಇದೆ: ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ. ಅದಕ್ಕಿಂತ ಹೆಚ್ಚಿನ ಬಾಡಿಗೆಯ ಮನೆ ಕಾಯ್ದೆಯ ಹೊರಗೆ. 14 ಚದರ ಮೀಟರ್ ಮೀರಿದ ಅಂಗಡಿಯೂ ಹೊರಗೆ. ಎರಡು ದಶಕಗಳ ಹಿಂದಿನ ಈ ಅಂಕಿಗಳನ್ನು ಹಾಗೇ ಬಿಟ್ಟರೆ ಕಾಯ್ದೆ ಪುಸ್ತಕದಲ್ಲಿ ಉಳಿಯುತ್ತದೆ, ಜನರಿಗೆ ದಕ್ಕುವುದಿಲ್ಲ. 2025ರ ತಿದ್ದುಪಡಿಯಲ್ಲಿ ಸರ್ಕಾರ ಜೈಲು ಶಿಕ್ಷೆ ತೆಗೆದು ದಂಡ ಹೆಚ್ಚಿಸಿತು. ಬಾಡಿಗೆದಾರನ ಕೊರಳು ಹಿಡಿಯುವ ಅಡ್ವಾನ್ಸಿನ ತಂಟೆಗೆ ಹೋಗಲಿಲ್ಲ.

ನಮ್ಮಲ್ಲಿ ನಡೆಯುವ ಕರಾರು ಪತ್ರವನ್ನೊಮ್ಮೆ ಓದಿ ನೋಡಿ. ಬಾಂಡ್ ಪೇಪರಿನ ಮೇಲೆ ಮೊದಲೇ ಟೈಪಾದ ಒಕ್ಕಣೆ. ಹೆಸರು, ಮೊತ್ತ, ತಾರೀಕಿಗೆ ಮಾತ್ರ ಖಾಲಿ ಜಾಗ. ಅವಧಿ ಹನ್ನೊಂದು ತಿಂಗಳು, ಏಕೆಂದರೆ ವರ್ಷ ದಾಟಿದರೆ ನೋಂದಣಿ ಕಡ್ಡಾಯ. ಮನೆ ಬಿಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಷರತ್ತು ಇರುತ್ತದೆ. ಅಡ್ವಾನ್ಸ್ ಎಷ್ಟು ದಿನದೊಳಗೆ ವಾಪಸ್ ಕೊಡಬೇಕು ಎಂಬ ಸಾಲು ಹುಡುಕಿದರೂ ಸಿಗುವುದು ಅಪರೂಪ. 6,000 ರೂಪಾಯಿ ಬಾಡಿಗೆಗೆ ಹತ್ತು ತಿಂಗಳ ಅಡ್ವಾನ್ಸ್ ಎಂದರೆ 60,000. ಗುತ್ತಿಗೆ ಕಾರ್ಮಿಕನೊಬ್ಬ ಅದನ್ನು ಬಡ್ಡಿಗೆ ತಂದೇ ಕೊಡಬೇಕು. ಎರಡು ತಿಂಗಳಿಗೆ ಮಿತಿ ಹಾಕಿದರೆ 12,000ದಲ್ಲಿ ಮುಗಿಯುತ್ತದೆ.

ಈ ಮಿತಿ ನನ್ನ ಕಲ್ಪನೆಯಲ್ಲ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲೇ ಇದೆ: ವಾಸದ ಮನೆಗೆ ಎರಡು ತಿಂಗಳು, ಅಂಗಡಿ ಮುಂಗಟ್ಟಿಗೆ ಆರು ತಿಂಗಳು. ಜಗಳವಾಡಿದ ಕೋಪಕ್ಕೆ ನೀರು, ಕರೆಂಟು ಕತ್ತರಿಸುವಂತಿಲ್ಲ ಎಂದೂ ಅದು ಹೇಳುತ್ತದೆ. ರಾಜ್ಯಗಳು ಒಪ್ಪಿದರಷ್ಟೇ ಅದಕ್ಕೆ ಜೀವ. ಉತ್ತರ ಪ್ರದೇಶ, ಅಸ್ಸಾಂ ತಮ್ಮ ಕಾಯ್ದೆ ಮಾಡಿಕೊಂಡವು. ತಮಿಳುನಾಡು 2017ರಲ್ಲೇ ಹೊಸ ಕಾಯ್ದೆ ತಂದಿತ್ತು. ಕರ್ನಾಟಕ ಇನ್ನೂ ಯಾಕೆ ಮೀನಮೇಷ ಎಣಿಸಬೇಕು?

ಹಾಗೆಂದು ಬಾಡಿಗೆಯನ್ನೇ ಗೂಟ ಹೊಡೆದು ನಿಲ್ಲಿಸಿ ಎನ್ನುವವರ ಜೊತೆ ನಾನಿಲ್ಲ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಅದನ್ನು ಕಂಡಿದ್ದೇವೆ. ಮಾಲೀಕರು ರಿಪೇರಿ ಕೈಬಿಟ್ಟರು, ಮನೆಗೆ ಬೀಗ ಹಾಕಿ ಇಟ್ಟರೇ ಹೊರತು ಬಾಡಿಗೆಗೆ ಕೊಡಲಿಲ್ಲ. ನಮ್ಮ ಕಡೆ ಮಾಲೀಕರೆಂದರೆ ಎಲ್ಲರೂ ಸಾಹುಕಾರರಲ್ಲ. ನಿವೃತ್ತಿಯಾದಾಗ ಬಂದ ಪಿಎಫ್ ದುಡ್ಡಿನಲ್ಲಿ ಮಹಡಿ ಮೇಲೆ ಎರಡು ಕೋಣೆ ಕಟ್ಟಿಸಿದವರೂ ಮಾಲೀಕರೇ. ಬಾಡಿಗೆದಾರ ಆರು ತಿಂಗಳು ದುಡ್ಡು ಕೊಡದೆ ಕೂತರೆ ಅವರ ಔಷಧಿ ಖರ್ಚು ನಿಲ್ಲುತ್ತದೆ. ಸಿವಿಲ್ ಕೋರ್ಟಿನ ದಾರಿ ವರ್ಷಗಟ್ಟಲೆ ಉದ್ದ. ಆ ಹೆದರಿಕೆಗೇ ಅವರು ದೊಡ್ಡ ಅಡ್ವಾನ್ಸ್ ಕೇಳುತ್ತಾರೆ. ಬೇಗ ತೀರ್ಪು ಸಿಗುವ ಭರವಸೆ ಇಲ್ಲದೆ ಅಡ್ವಾನ್ಸ್ ಇಳಿಸಿ ಎಂದರೆ ಯಾರೂ ಕೇಳುವುದಿಲ್ಲ.

ಕರಾರು ಕಾಗದದ ಬೆಲೆ ಏನೆಂದು 2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದಾಗ ಎಲ್ಲರಿಗೂ ಗೊತ್ತಾಯಿತು. ಬಾಡಿಗೆದಾರರಿಗೂ ಸೌಲಭ್ಯವಿದೆ ಎಂದು ಸರ್ಕಾರ ಹೇಳಿದಾಗ, ಆ ಮನೆಯಲ್ಲಿ ವಾಸವಿರುವುದಕ್ಕೆ ದಾಖಲೆ ತೋರಿಸಬೇಕಾಯಿತು. ಬಾಯಿ ಮಾತಿನ ಮೇಲೆ ಮನೆ ಹಿಡಿದವರು ಆಗ ಪೇಚಿಗೆ ಸಿಕ್ಕಿದರು.

ಆದ್ದರಿಂದ ನಮ್ಮ ಬೇಡಿಕೆ ನಾಲ್ಕೇ. ಮಾದರಿ ಕಾಯ್ದೆಯನ್ನು ರಾಜ್ಯಕ್ಕೆ ಹೊಂದುವಂತೆ ಜಾರಿ ಮಾಡಿ, ಅಡ್ವಾನ್ಸಿಗೆ ಎರಡು ತಿಂಗಳ ಮಿತಿ ಹಾಕಬೇಕು. ಎಲ್ಲ ಬಾಡಿಗೆಗೂ ಲಿಖಿತ ಕರಾರು, ಸರಳ ಕನ್ನಡದ ಒಂದೇ ನಮೂನೆ ಇರಬೇಕು. ತಾಲೂಕಿಗೊಬ್ಬ ಬಾಡಿಗೆ ಅಧಿಕಾರಿ ಇದ್ದು, ತಕರಾರನ್ನು ಇಂತಿಷ್ಟು ದಿನದಲ್ಲಿ ತೀರಿಸಬೇಕು. ತಹಶೀಲ್ದಾರ್ ಕಚೇರಿಯಲ್ಲಿ ವಾರಕ್ಕೊಂದು ದಿನವಾದರೂ ಬಾಡಿಗೆದಾರರಿಗೂ ಮಾಲೀಕರಿಗೂ ಸಲಹೆ ಕೊಡುವವರು ಕೂರಬೇಕು.

ಅಲ್ಲಿಯವರೆಗೆ ಇರುವ ದಾರಿಯನ್ನಾದರೂ ಬಳಸಿಕೊಳ್ಳೋಣ. ತಾಲೂಕು ಕಾನೂನು ಸೇವಾ ಸಮಿತಿಯ ಮೂಲಕ ಮಹಿಳೆಯರಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಮುಂದಿನ ಸಲ ಮತ ಕೇಳಲು ಮನೆ ಬಾಗಿಲಿಗೆ ಬಂದವರನ್ನು, ಅದು ಬಾಡಿಗೆ ಮನೆಯ ಬಾಗಿಲೇ ಆಗಿರಲಿ, ಈ ನಾಲ್ಕು ಬೇಡಿಕೆ ಮುಂದಿಟ್ಟು ಉತ್ತರ ಕೇಳಿ.