ಹಳೆಯ ಕಾರು ಮತ್ತು ನಮ್ಮ ದಾಕ್ಷಿಣ್ಯ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಹೊಸ ಕಾರಿನ ಬೆಲೆ ಕೈಗೆಟುಕದೆ ಹಳೆಯ ಕಾರನ್ನು ಕೊಳ್ಳುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮೋಸಹೋದವರ ಅಳಲನ್ನು ಕೇಳುವಾಗಲೆಲ್ಲ ಒಂದೇ ಮಾತು ಕಿವಿಗೆ ಬೀಳುತ್ತದೆ: "ಅವರು ಬಾಯಲ್ಲಿ ಹಾಗೆ ಹೇಳಿದ್ದರು ಸಾರ್." ಅಪಘಾತವಾಗಿಲ್ಲವೆಂದು ಹೇಳಿದ್ದರು, ಓಡಿರುವುದು ಅಲ್ಪವೆಂದು ಹೇಳಿದ್ದರು. ಬರೆದುಕೊಡಿ ಎಂದು ಕೇಳಲು ಮಾತ್ರ ಇವರಿಗೆ ದಾಕ್ಷಿಣ್ಯ. ಕಾನೂನಿನ ಕೊರತೆಗಿಂತ ಈ ದಾಕ್ಷಿಣ್ಯವೇ ನಮ್ಮವರನ್ನು ಹೆಚ್ಚು ಸೋಲಿಸುತ್ತಿದೆ ಎಂಬುದು ನನ್ನ ಅಭಿಪ್ರಾಯ.

ಹಳೆಯ ಸರಕನ್ನು ಕೊಂಡವನಿಗೆ ಕಾನೂನಿನ ಆಸರೆಯಿಲ್ಲವೆಂಬ ನಂಬಿಕೆ ಸರಿಯಲ್ಲ. ಸ್ವಂತ ಬಳಕೆಗಾಗಿ ವ್ಯಾಪಾರಿಯಿಂದ ಕೊಂಡವನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕನೇ. ಕೊಟ್ಟ ಹಣ 50 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷದವರೆಗೆ ಶುಲ್ಕವೂ ಇಲ್ಲ. ವ್ಯಾಪಾರಿ ಬೆಂಗಳೂರಿನಲ್ಲಿದ್ದರೂ ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು, ವಕೀಲರಿಲ್ಲದೆ ತಾನೇ ವಾದಿಸಬಹುದು. ಎರಡು ವರ್ಷಗಳ ಕಾಲಮಿತಿಯನ್ನು ಮಾತ್ರ ಮರೆಯಬಾರದು. ಆಯೋಗವು ದೋಷವನ್ನು ಸರಿಪಡಿಸಲು, ಹಣವನ್ನು ಬಡ್ಡಿಸಹಿತ ಹಿಂದಿರುಗಿಸಲು, ಪರಿಹಾರ ಕೊಡಲು ಆದೇಶಿಸಬಲ್ಲದು. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಇದೆ.

ಹಾಗಾದರೆ ಸೋಲು ಎಲ್ಲಿ? 1872ರ ಕರಾರು ಕಾಯ್ದೆಯ 17ನೆಯ ಕಲಮನ್ನು ನೋಡಿರಿ. ಸುಳ್ಳೆಂದು ತಿಳಿದೂ ನಿಜವೆಂದು ಹೇಳುವುದು ವಂಚನೆ. ಆದರೆ ಕೇವಲ ಮೌನವಾಗಿರುವುದು ಸಾಮಾನ್ಯವಾಗಿ ವಂಚನೆಯಲ್ಲ. ಅಂದರೆ ನೀವು ಕೇಳದೆ ಸುಮ್ಮನಿದ್ದರೆ ಮಾರುವವನ ಮೌನಕ್ಕೆ ರಕ್ಷಣೆ ದೊರೆಯುವ ಸಂಭವವುಂಟು. ನೀವು ಕೇಳಿ, ಅವನು ಸುಳ್ಳನ್ನು ಬರೆದುಕೊಟ್ಟರೆ ಆ ರಕ್ಷಣೆ ಹೋಯಿತು. ಆಗ ವಾಹನವನ್ನು ಹಿಂದಿರುಗಿಸಿ ಕರಾರನ್ನು ರದ್ದುಮಾಡಿಸಿಕೊಳ್ಳುವ ಹಕ್ಕು ನಿಮ್ಮದು. ಮೊದಲಿನಿಂದಲೇ ಮೋಸದ ಉದ್ದೇಶವಿದ್ದಿತೆಂದು ತೋರಿದರೆ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನಂತೆ ಪೊಲೀಸರಿಗೂ ದೂರು ಕೊಡಬಹುದು. ಒಂದೇ ಒಂದು ಪ್ರಶ್ನೆ ಇಷ್ಟು ವ್ಯತ್ಯಾಸ ಮಾಡುತ್ತದೆ!

ಆದ್ದರಿಂದ ಓಡಿದ ದೂರ, ಅಪಘಾತ, ನೀರಿನಲ್ಲಿ ಮುಳುಗಿದ್ದು, ಬಾಕಿ ಸಾಲ, ಹಿಂದಿನ ಮಾಲೀಕರ ಸಂಖ್ಯೆ – ಈ ಐದನ್ನೂ ರಸೀದಿಯ ಮೇಲೆಯೇ ಬರೆಸಿ ಸಹಿ ಹಾಕಿಸಿಕೊಳ್ಳಿರಿ. ಮೀಟರನ್ನು ತಿದ್ದಿರುವ ಗುಮಾನಿಯಿದ್ದರೆ ಸರ್ವೀಸ್ ದಾಖಲೆಗಳೊಡನೆ ಹೋಲಿಸಿ ನೋಡಿರಿ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಂತೆ ಹಳೆಯ ವಾಹನಗಳ ವ್ಯಾಪಾರಿ ನೋಂದಣಿ ಪ್ರಾಧಿಕಾರದಿಂದ ಅಧಿಕಾರಪತ್ರ ಪಡೆದಿರಬೇಕು. ಅದನ್ನು ತೋರಿಸುವಂತೆ ಕೇಳಿರಿ. ಆರ್‌ಸಿ ನಿಮ್ಮ ಹೆಸರಿಗೆ ವರ್ಗವಾಗುವವರೆಗೂ ಬೆನ್ನುಹತ್ತಿರಿ. ವ್ಯಾಪಾರಿಯಲ್ಲದ ನೆರೆಯವರಿಂದಲೋ ಪರಿಚಿತರಿಂದಲೋ ಕೊಳ್ಳುವಾಗ ಇನ್ನೂ ಎಚ್ಚರ ಬೇಕು. ಅಲ್ಲಿ ಗ್ರಾಹಕ ಆಯೋಗದ ದಾರಿ ಸಾಮಾನ್ಯವಾಗಿ ತೆರೆದಿರುವುದಿಲ್ಲ, ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕಾಗುತ್ತದೆ. ದಾಕ್ಷಿಣ್ಯ ಅತಿಯಾಗಿರುವುದೂ ಅಲ್ಲಿಯೇ.

ಆಯೋಗದಲ್ಲಿಯೂ ವರ್ಷಗಟ್ಟಲೆ ಅಲೆಯಬೇಕಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಮೂರು ತಿಂಗಳಲ್ಲಿ, ತಜ್ಞರ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ, ಇತ್ಯರ್ಥವಾಗಬೇಕೆಂಬ ಕಾಯ್ದೆಯ ಆಶಯ ಎಷ್ಟೋ ಕಡೆ ಈಡೇರುವುದಿಲ್ಲವೆಂಬುದು ನಿಜ. ಆದರೆ ಬರವಣಿಗೆಯಿದ್ದಲ್ಲಿ ಎಷ್ಟೋ ವ್ಯಾಜ್ಯಗಳು ಒಂದು ನೋಟೀಸಿನಲ್ಲೇ ಮುಗಿದಾವು. ಸತ್ಯವಂತ ವ್ಯಾಪಾರಿಗೆ ಬರೆದುಕೊಡುವುದರಿಂದ ನಷ್ಟವಿಲ್ಲ. ಬರೆಯಲು ಹಿಂಜರಿಯುವವನು ನಿಮ್ಮ ಪ್ರಶ್ನೆಗೆ ಆಗಲೇ ಉತ್ತರ ಕೊಟ್ಟಂತಾಯಿತು. ಮುಂಗಡದ ಹಣವನ್ನು ಜೇಬಿನಲ್ಲೇ ಇಟ್ಟುಕೊಂಡು ಮನೆಗೆ ಬನ್ನಿರಿ.