ಅದು ಮೊಮೊ ಅಲ್ಲ

ನಮ್ಮ ಆಫೀಸಿನ ಹುಡುಗರು ನಾಲ್ಕು ಜನ ನೇಪಾಳಕ್ಕೆ ಹೊರಟಿದ್ದಾರೆ. ಅನ್ನಪೂರ್ಣ ಸರ್ಕ್ಯೂಟ್ ಅಂತೆ. ಮೊನ್ನೆ ಊಟದ ಹೊತ್ತಿಗೆ ಲ್ಯಾಪ್‌ಟಾಪ್ ತಂದು ಪ್ಲಾನ್ ತೋರಿಸಿದರು. ಈಗ ಮನಾಂಗ್‌ವರೆಗೂ ಜೀಪ್ ಹೋಗುತ್ತೆ. ಒಂದೇ ದಿನದಲ್ಲಿ ಜೀಪಲ್ಲಿ ಮನಾಂಗ್, ಅಲ್ಲಿಂದ ಎರಡು ದಿನಕ್ಕೆ ಥೊರಾಂಗ್ ಲಾ ಬುಡ, ಮಾರನೇ ದಿನ ಪಾಸ್ ದಾಟಿ ಮುಕ್ತಿನಾಥ. ವಿಶ್ರಾಂತಿ ಅಂತ ಒಂದು ದಿನವೂ ಇಲ್ಲ. ಯಾಕ್ರಪ್ಪಾ ಅಂದರೆ, "ರಜೆ ಅಷ್ಟೇ ಸಾರ್. ಗ್ರೂಪಲ್ಲಿ ಹೋಗ್ತಿದೀವಲ್ಲ, ಏನೂ ಆಗಲ್ಲ" ಅಂದ ಒಬ್ಬ.

ಆ ಮಾತು ಕೇಳಿದ ಮೇಲೆ ಇದನ್ನ ಬರೆಯೋಣ ಅನ್ನಿಸಿತು. 2011ರ ಅಕ್ಟೋಬರ್‌ನಲ್ಲಿ ನಾವೂ ನಾಲ್ಕು ಜನ ಅದೇ ದಾರಿಯಲ್ಲಿ ಹೋಗಿದ್ವಿ. ಈ ಕಥೆಯ ಮೊದಲರ್ಧವನ್ನ ಎಷ್ಟೋ ಜನರಿಗೆ ಹೇಳಿ ನಗಿಸಿದ್ದೀನಿ. ಎರಡನೇ ಅರ್ಧ ಮಾತ್ರ ಹೇಳಿರಲಿಲ್ಲ.

ಮೊದಲರ್ಧ ಹೀಗೆ. ಯಶವಂತಪುರದಿಂದ ಗೋರಖ್‌ಪುರಕ್ಕೆ ರೈಲು, ಅಲ್ಲಿಂದ ಸುನೌಲಿ ಗಡಿ. ನನ್ನ ಹತ್ತಿರ ಇದ್ದದ್ದೆಲ್ಲ ಐನೂರರ ನೋಟು. ಆಗ ನೇಪಾಳದಲ್ಲಿ ನಮ್ಮ ನೂರರ ನೋಟಿಗಿಂತ ದೊಡ್ಡದು ನಡೀತಿರಲಿಲ್ಲ, ನಮ್ಮಲ್ಲಿ ಒಬ್ಬನಿಗೂ ಅದು ಗೊತ್ತಿರಲಿಲ್ಲ. ಗಡಿಯ ಈಚೆ ಅಂಗಡಿ ಅಂಗಡಿ ಅಲೆದು ಚಿಲ್ಲರೆ ಮಾಡಿಸಿ ಆಚೆ ಹೋದರೆ ಬಸ್ಸು ಹೊರಟುಹೋಗಿತ್ತು. "ಇನ್ನೂ ಹತ್ತು ನಿಮಿಷ ಇದೆಯಲ್ರೀ" ಅಂತ ವಾಚು ತೋರಿಸಿ ಜಗಳಕ್ಕೆ ನಿಂತೆ. ನೇಪಾಳದ ಗಡಿಯಾರ ನಮಗಿಂತ ಹದಿನೈದು ನಿಮಿಷ ಮುಂದೆ ಸ್ವಾಮೀ! ಆ ದಿನ ಹೋಯ್ತು. ಆಮೇಲೆ ಬೇಸಿಶಹರ್ ದಾಟಿ ಎರಡನೇ ದಿನ ಧೋ ಅಂತ ಮಳೆ, ಇನ್ನೊಂದು ದಿನ ಹೋಯ್ತು. ಹುಬ್ಬಳ್ಳಿಯ ಗೆಳೆಯ ದಿನಾ ಹಿಂದೆ ಬೀಳ್ತಿದ್ದ, ಅವನಿಗೆ ಗೂಡ್ಸ್ ಗಾಡಿ ಅಂತ ಹೆಸರಿಟ್ವಿ. ದಾವಣಗೆರೆಯವನು ಎರಡು ಹೊತ್ತೂ ದಾಲ್ ಭಾತ್ ತಿಂದು, ಅನ್ನ ಎಷ್ಟು ಸಲ ಕೇಳಿದರೂ ಹಾಕ್ತಾರೆ ಅಂತ ಇಲ್ಲೇ ಅಳಿಯನಾಗಿ ಉಳೀತೀನಿ ಅಂತಿದ್ದ. ಇಲ್ಲಿಗೆ ನಗು ಮುಗೀತು.

ನಾನು ಗುಂಪಿನ ಖಜಾಂಚಿ. ದುಡ್ಡು, ಪರ್ಮಿಟ್ ಕಾಗದ, ನಾವು ಕೊಂಡಿದ್ದ ಒಂದೇ ಒಂದು ನೇಪಾಳಿ ಸಿಮ್, ವಾಪಸ್ ರೈಲಿನ ಟಿಕೆಟ್ ಎಲ್ಲ ನನ್ನ ಹತ್ತಿರ. ಗೈಡ್ ಬೇಡ ಅಂತ ದುಡ್ಡು ಉಳಿಸಿದವನೂ ನಾನೇ. (2023ರ ಏಪ್ರಿಲ್‌ನಿಂದ ವಿದೇಶಿ ಚಾರಣಿಗರಿಗೆ ಗೈಡ್ ಕಡ್ಡಾಯ ಅಂತ ನೇಪಾಳ ನಿಯಮ ಮಾಡಿದೆ. ಒಳ್ಳೇದಾಯ್ತು ಅನ್ನೋರ ಪೈಕಿ ನಾನು.) ಎರಡು ದಿನ ಕಳೆದುಕೊಂಡಿದ್ವಲ್ಲ, ಅವತ್ತಿಂದ ನನ್ನ ಬಾಯಲ್ಲಿ ರೈಲು ಬಿಟ್ಟರೆ ಬೇರೆ ಮಾತಿಲ್ಲ. ಬೆಳಿಗ್ಗೆ ಎದ್ದರೆ ರೈಲು, ರಾತ್ರಿ ಮಲಗಿದರೆ ರೈಲು.

ಮನಾಂಗ್ ಸುಮಾರು 3540 ಮೀಟರ್ ಎತ್ತರದಲ್ಲಿದೆ. ಅಲ್ಲಿ ಒಂದು ದಿನವಾದರೂ ನಿಂತು ಮೈ ಒಗ್ಗಿಸಿಕೊಂಡು ಮುಂದೆ ಹೋಗಿ ಅಂತ ಎಲ್ಲರೂ ಹೇಳ್ತಾರೆ. ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನವರ ಆರೋಗ್ಯ ಕೇಂದ್ರ ಇದೆ. ಸೀಸನ್ನಿನಲ್ಲಿ ಮಧ್ಯಾಹ್ನ ಅಲ್ಲಿನ ಡಾಕ್ಟರು ಎತ್ತರದ ಕಾಯಿಲೆ ಬಗ್ಗೆ ಬಿಟ್ಟಿಯಾಗಿ ಪಾಠ ಮಾಡ್ತಾರೆ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ ಐನೂರು ಮೀಟರ್‌ಗಿಂತ ಹೆಚ್ಚು ಏರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ನಿಲ್ಲಬೇಕು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಯಾಕಂದ್ರೆ ಆ ಪಾಠದ ಹೊತ್ತಿಗೆ ನಾವು ಮೊಮೊ ತಿಂತಾ ಕೂತಿದ್ವಿ. ಮಾರನೇ ದಿನ ಬೆಳಿಗ್ಗೆಯೇ ಹೊರಟು, ಯಾಕ್ ಖರ್ಕಾನೂ ದಾಟಿ, 4200 ಮೀಟರ್ ಹತ್ತಿರ ಇರುವ ಲೇದರ್‌ನಲ್ಲಿ ಮಲಗಿದ್ವಿ.

ಆ ರಾತ್ರಿ ದಾವಣಗೆರೆಯವನು ವಾಂತಿ ಮಾಡಿಕೊಂಡ. "ಏನಿಲ್ಲಲೇ, ನಿನ್ನೆ ಮೊಮೊ ಸರಿಯಿರ್ಲಿಲ್ಲ" ಅಂದ. ಅದೇ ತಟ್ಟೆಯಿಂದ ನಾವೂ ತಿಂದಿದ್ವಿ, ನಮಗೇನೂ ಆಗಿರಲಿಲ್ಲ. ಆದರೂ ನಾವು ಮೂರೂ ಜನ ಹೌದೌದು ಮೊಮೊನೇ ಅಂದ್ವಿ. ಮೊಮೊ ಆದರೆ ನಡೀಬಹುದು ನೋಡಿ, ಬೇರೆ ಏನಾದರೂ ಆದರೆ ನಿಲ್ಲಬೇಕು. ಬೆಳಿಗ್ಗೆ ಅವನ ಚೀಲ ನಾವು ಹಂಚಿಕೊಂಡು ಹೊತ್ವಿ. ಎಂಥಾ ಗೆಳೆತನ ಅಂತ ನಮಗೆ ನಾವೇ ಹೆಮ್ಮೆ ಪಟ್ಟುಕೊಂಡ್ವಿ!

ಥೊರಾಂಗ್ ಫೇದಿ ಸುಮಾರು 4450 ಮೀಟರ್. ಸಂಜೆ ಲಾಡ್ಜಿನ ಒಲೆ ಸುತ್ತ ಎಲ್ಲ ಕೂತಿದ್ವಿ. ಹಾಲೆಂಡಿನ ಹೆಂಗಸೊಬ್ಬರು, ಒಬ್ಬರೇ ಬಂದಿದ್ದವರು, ನರ್ಸ್ ಅಂತೆ, ಇವನನ್ನೇ ನೋಡ್ತಾ ಇದ್ರು. ಎದ್ದು ಬಂದು, ನೆಲದ ಹಲಗೆಯ ಗೆರೆ ತೋರಿಸಿ, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿಕೊಂಡು ಇದರ ಮೇಲೆ ನಡಿ ನೋಡೋಣ ಅಂದ್ರು. ಮೂರನೇ ಹೆಜ್ಜೆಗೆ ಪಕ್ಕಕ್ಕೆ ವಾಲಿ ಬೆಂಚು ಹಿಡಿದುಕೊಂಡ. ಕುಡಿದವನ ಹಾಗೆ. ಅವನು ನಗ್ತಾ ಇದ್ದ, ಅದನ್ನ ನೋಡಿಯೇ ನನಗೆ ಹೊಟ್ಟೆ ತೊಳೆಸಿದ ಹಾಗಾಯ್ತು. ಮೆದುಳು ಊದಿಕೊಳ್ತಿರುವ ಲಕ್ಷಣ ಇದು, ಬೆಳಗಾಗೋತನಕ ಕಾಯೋ ಹಾಗಿಲ್ಲ, ಈಗಲೇ ಕೆಳಗೆ ಕರಕೊಂಡು ಹೋಗಿ ಅಂದ್ರು. ಆಮೇಲೆ ನಮ್ಮ ಕಡೆ ತಿರುಗಿ, ಯಾರು ಹೋಗ್ತೀರಿ ಅಂತ ಕೇಳಿದ್ರು.

ಯಾರೂ ಮಾತಾಡಲಿಲ್ಲ. ಎಷ್ಟು ಹೊತ್ತು ಅಂತ ಹೇಳಲಾರೆ, ಐದಾರು ಸೆಕೆಂಡ್ ಇರಬಹುದು. ಗೂಡ್ಸ್ ಗಾಡಿ ಬೂಟು ಎಳೆದುಕೊಂಡು ಲೇಸ್ ಕಟ್ಟೋಕೆ ಶುರು ಮಾಡಿದ. "ನಾ ಹೊಕ್ಕೀನಿ, ನೀವು ದಾಟ್ರಿ" ಅಂದ. ಅಷ್ಟೇ.

ಲಾಡ್ಜಿನವರು ಕುದುರೆ, ಜೊತೆಗೊಬ್ಬ ಹುಡುಗನನ್ನ ಕೊಟ್ಟರು. ಫೇದಿಗೂ ಲೇದರ್‌ಗೂ ನಡುವೆ ಕಲ್ಲು ಉರುಳುವ ಇಳಿಜಾರಿದೆ, ಹಗಲಲ್ಲೇ ನಾವು ಒಬ್ಬೊಬ್ಬರಾಗಿ ಓಡಿ ದಾಟಿದ ಜಾಗ. ಅಲ್ಲಿ ಕತ್ತಲಲ್ಲಿ ಅವನನ್ನ ಕುದುರೆಯಿಂದ ಇಳಿಸಿ, ತೋಳು ಹಿಡಿದು ನಡೆಸಿದರಂತೆ. ನಾನು ಹೊರಡುವ ಮುಂಚೆ ಹುಬ್ಬಳ್ಳಿಯವನ ಕೈಗೆ ದುಡ್ಡು ಕೊಟ್ಟೆ. ಎಣಿಸಿ ಕೊಟ್ಟೆ. ನಮ್ಮ ಖರ್ಚಿಗೆ ಎಷ್ಟು ಬೇಕು ಅಂತ ಮನಸ್ಸಲ್ಲೇ ಲೆಕ್ಕ ಹಾಕಿ ಉಳಿದದ್ದನ್ನ ಕೊಟ್ಟೆ. ಸಿಮ್ ಕೊಡಬೇಕು ಅಂತ ಹೊಳೆಯಲೇ ಇಲ್ಲ, ಅದರ ನಂಬರೂ ಅವರ ಹತ್ತಿರ ಇರಲಿಲ್ಲ.

ನಾವಿಬ್ಬರು ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಪಾಸ್ ದಾಟಿದ್ವಿ. ಎರಡು ಜನ ಜಾಸ್ತಿ ಹೋಗಿ ಏನು ಮಾಡೋದು, ಪರ್ಮಿಟ್ ದುಡ್ಡು ದಂಡ, ರೈಲು ಬೇರೆ ಇದೆ ಅಂತೆಲ್ಲ ದಾರಿಯುದ್ದಕ್ಕೂ ಒಬ್ಬರಿಗೊಬ್ಬರು ಕಾರಣ ಹೇಳಿಕೊಂಡ್ವಿ. ನಿಜ ಹೇಳಬೇಕೆಂದರೆ ನನಗೆ ಆ 5416 ಅಂತ ಬರೆದ ಬೋರ್ಡಿನ ಪಕ್ಕ ಒಂದು ಫೋಟೋ ಬೇಕಿತ್ತು. ತೆಗೆಸಿಕೊಂಡೆ. ಮುಕ್ತಿನಾಥದ ನೂರೆಂಟು ಧಾರೆಗಳ ಕೆಳಗೆ ನಡುಗುತ್ತ ತಲೆ ಒಡ್ಡಿದೆ. ಗಂಡಕಿಗೆ ಹೋಗಿ ಸಾಲಿಗ್ರಾಮ ತರದೆ ಬಂದೀಯಾ ಅಂತ ಅಜ್ಜಿ ಹೇಳಿದ್ದರು, ಅದನ್ನೂ ತಗೊಂಡೆ.

ಪೋಖರಾದಲ್ಲಿ ನಾಲ್ಕು ದಿನ ಕಾದ್ವಿ. ಅವರ ಸುದ್ದಿ ಇಲ್ಲ. ಮನಾಂಗ್ ಕಡೆಯಿಂದ ಬಂದ ಹಾಗೆ ಕಂಡವರನ್ನೆಲ್ಲ ಹಿಡಿದು, ಇಬ್ಬರು ಇಂಡಿಯಾದ ಹುಡುಗರನ್ನ ನೋಡಿದಿರಾ ಅಂತ ಕೇಳೋದು. ಎರಡನೇ ದಿನ ದಾವಣಗೆರೆಯಿಂದ ಅವನ ತಾಯಿ ಫೋನ್ ಮಾಡಿದರು, ಅವನು ಮೊದಲು ಮನೆಗೆ ಮಾತಾಡಿದ್ದು ಆ ಸಿಮ್ಮಿನಿಂದಲೇ ಅಲ್ವಾ. "ಏನಪ್ಪಾ, ಆರಾಮಿದೀರಾ? ಅವನಿಗೆ ಕೊಡು" ಅಂದ್ರು. ಸ್ನಾನಕ್ಕೆ ಹೋಗಿದಾನೆ ಆಂಟಿ ಅಂದೆ. ಸಂಜೆ ಮತ್ತೆ ಮಾಡಿದರು. ನಾನು ಎತ್ತಲಿಲ್ಲ.

ಮೂರನೇ ದಿನ ನಮ್ಮ ರೈಲು ಗೋರಖ್‌ಪುರದಿಂದ ನಾವಿಲ್ಲದೇ ಹೊರಟಿತು. ಯಾವ ರೈಲಿಗೋಸ್ಕರ ಮನಾಂಗ್‌ನಲ್ಲಿ ಒಂದು ದಿನ ನಿಲ್ಲಲಿಲ್ಲವೋ ಅದೇ ರೈಲು.

ನಾಲ್ಕನೇ ದಿನ ಸಂಜೆ ಇಬ್ಬರೂ ಬಂದರು. ಯಾಕ್ ಖರ್ಕಾಗೆ ಇಳಿಯುವಷ್ಟರಲ್ಲೇ ಅವನು ಸ್ವಲ್ಪ ಸುಧಾರಿಸಿದ್ದನಂತೆ. ಮಾರನೇ ದಿನ ಮನಾಂಗ್‌ನಲ್ಲಿ ಡಾಕ್ಟರು ನೋಡಿ, ಒಂದು ರಾತ್ರಿ ತಡ ಮಾಡಿದ್ದರೆ ಕಷ್ಟ ಇತ್ತು ಅಂದರಂತೆ. ಮನೆಯವರಿಗೆ ಭಯ ಆಗುತ್ತೆ ಅಂತ ಊರಿಗೆ ಫೋನ್ ಮಾಡಿರಲಿಲ್ಲ. ತಲೆನೋವು ಯಾವಾಗಿಂದ ಇತ್ತೋ ಅಂದೆ. ಪಿಸಾಂಗ್‌ನಿಂದ ಅಂದ. ಅಂದರೆ ಮನಾಂಗ್‌ಗಿಂತ ಮುಂಚೆ! ಮತ್ತೆ ಹೇಳೋದಲ್ವೇನೋ ಅಂದೆ. "ನೀನು ರೈಲು ರೈಲು ಅಂತಿದ್ದೆಯಲ್ಲೋ" ಅಂದ. ಸಿಟ್ಟಿನಿಂದಲ್ಲ, ಸುಮ್ಮನೆ.

ಅದಕ್ಕೇ ಹೇಳೋದು, ಗುಂಪಲ್ಲಿ ಹೋದರೆ ಏನೂ ಆಗಲ್ಲ ಅನ್ನೋದು ಅರ್ಧ ಸುಳ್ಳು. ಆ ನರ್ಸ್ ಒಬ್ಬರೇ ಬಂದಿದ್ದರು. ತಲೆನೋವು ಬಂತು ಅಂತ ಮನಾಂಗ್‌ನಲ್ಲಿ ಮೂರು ದಿನ ಕೂತು ಬಂದಿದ್ದರು. ಕೇಳೋರು ಯಾರೂ ಇರಲಿಲ್ಲ ನೋಡಿ. ನಮ್ಮವನಿಗೆ ಮೂರು ಜನ ಇದ್ದರು, ಮೂವರಿಗೂ ತೊಂದರೆ ಆಗುತ್ತೆ ಅಂತ ಬಾಯಿ ಮುಚ್ಚಿಕೊಂಡ. ದಿನಾಂಕ ಗೊತ್ತು ಮಾಡಿಕೊಂಡು ಗುಂಪಾಗಿ ಏರುವವರಿಗೇ ಅಪಾಯ ಜಾಸ್ತಿ ಅಂತ ನೇಪಾಳದ ಬೆಟ್ಟಗಳಲ್ಲಿ ಕೆಲಸ ಮಾಡಿದ ಡಾಕ್ಟರುಗಳೂ ಹೇಳ್ತಾ ಬಂದಿದ್ದಾರೆ.

ಹುಡುಗರಿಗೆ ಇಷ್ಟನ್ನೂ ಹೇಳಲಿಲ್ಲ, ಬೇಕಾದ್ದನ್ನ ಹೇಳಿದೆ. ದುಡ್ಡು, ಕಾಗದ, ಫೋನ್ ನಂಬರು ನಾಲ್ಕೂ ಜನರ ಹತ್ತಿರ ಇರಲಿ. ದುಡ್ಡು ಇಟ್ಟುಕೊಂಡವನೇ ಲೀಡರ್ ಆಗೋದು ಬೇಡ. ದಿನಾ ರಾತ್ರಿ ತಲೆನೋವು ಯಾರಿಗಿದೆ ಅಂತ ಒಬ್ಬೊಬ್ಬರನ್ನೇ ಕೇಳಿ, ಲೀಡರ್‌ನಿಂದಲೇ ಶುರು ಮಾಡಿ. ಒಬ್ಬ ಇಳಿಯಬೇಕಾಗಿ ಬಂದರೆ ಜೊತೆಗೆ ಯಾರು ಅನ್ನೋದನ್ನ ಇಲ್ಲೇ, ಬೆಂಗಳೂರಲ್ಲೇ ತೀರ್ಮಾನ ಮಾಡಿ. ಮನಾಂಗ್‌ನಲ್ಲಿ ಎರಡು ದಿನ ಸೇರಿಸಿ.

"ಎರಡು ದಿನ ರಜೆ ಸಿಗಲ್ಲ ಸಾರ್" ಅಂದ.

ಹಾಗಾದರೆ ಪಾಸ್ ಬಿಡಪ್ಪಾ, ಮನಾಂಗ್ ನೋಡಿಕೊಂಡು ಬನ್ನಿ, ಅದೂ ಚೆನ್ನಾಗಿದೆ ಅಂದೆ. ಮುಖ ಸಪ್ಪೆ ಮಾಡಿಕೊಂಡು ಲ್ಯಾಪ್‌ಟಾಪ್ ಮುಚ್ಚಿಕೊಂಡು ಹೋದರು. ನಿನ್ನೆ ಅವರಲ್ಲೊಬ್ಬ ಬಂದು, ರಜೆ ಅರ್ಜಿಗೆ ನೀವು ಮ್ಯಾನೇಜರ್ ಹತ್ರ ಒಂದು ಮಾತು ಹೇಳ್ತೀರಾ ಸಾರ್ ಅಂದ. ಹೇಳಿದ್ದೀನಿ. ಸೋಮವಾರ ಗೊತ್ತಾಗುತ್ತೆ.